ಅಂಚಿನೊಳಗಿನ ಕೆಂಪು ಗಂಟು

ಬಿಚ್ಚಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಹೆತ್ತವರು ಇಟ್ಟದ್ದು ಗುರುತಿನ ಚೀಟಿಯೊಳಗೆ ಭದ್ರವಾಗಿ ಮಲಗಿದೆ. ಅದನ್ನು ಎಬ್ಬಿಸುವ ಕೆಲಸ ಈಚೆಗೆ ಯಾರಿಗೂ ಬಿದ್ದಿಲ್ಲ. ಅರವತ್ತನಾಲ್ಕು ವರ್ಷದ ಈ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಮಾಡುವುದು ಒಂದೇ ಕೆಲಸ, ಊರಿನವರು ಬೇಡವೆಂದ ಹಾಸಿಗೆಗಳನ್ನು ಬಿಚ್ಚುವುದು. ಹರಿಯುವುದಲ್ಲ, ಕೊಯ್ಯುವುದಲ್ಲ, ಬಿಚ್ಚುವುದು. ಹೊಲಿಗೆ ಎಲ್ಲಿ ಮುಗಿದಿತ್ತೋ ಅಲ್ಲಿಂದ ಹಿಡಿದು ಎಲ್ಲಿ ಶುರುವಾಗಿತ್ತೋ ಅಲ್ಲಿಯವರೆಗೆ, ಎಡಗೈಯಲ್ಲಿ ದಬ್ಬಣ ಹಿಡಿದು, ಒಂದೊಂದೇ ಎಳೆ.

ಮನೆಯ ಸಾಮಾನಿನಲ್ಲಿ ಹಳೆ ಹಾಸಿಗೆಯಷ್ಟು ಮುಜುಗರದ್ದು ಇನ್ನೊಂದಿಲ್ಲ. ಹಳೆ ಕುರ್ಚಿಯನ್ನು ಕೆಲಸದವಳಿಗೆ ಕೊಟ್ಟು ದೊಡ್ಡ ಮನಸ್ಸಿನವರು ಅನ್ನಿಸಿಕೊಳ್ಳಬಹುದು, ಹಳೆ ಪಾತ್ರೆಯನ್ನು ತೂಕಕ್ಕೆ ಹಾಕಬಹುದು. ಹಾಸಿಗೆಯನ್ನು ಕೊಡಹೋದರೆ ತೆಗೆದುಕೊಳ್ಳುವವನು ಮೊದಲು ಮೂಸಿ ನೋಡುತ್ತಾನೆ. ಕಸದ ಗಾಡಿಯವನಂತೂ ದೂರದಿಂದಲೇ ಕೈ ಆಡಿಸುತ್ತಾನೆ. "ಇದು ಹಸಿ ಕಸಾನೂ ಅಲ್ಲ, ಒಣ ಕಸಾನೂ ಅಲ್ಲ, ನಮ್ಮ ಗಾಡೀಲಿ ಇದಕ್ಕೆ ಖಾನೆ ಇಲ್ಲ" ಎಂದು ಗಂಟೆ ಬಾರಿಸಿಕೊಂಡು ಮುಂದೆ ಹೋಗುತ್ತಾನೆ. ಆಮೇಲೆ ಮರ್ಯಾದಸ್ಥರು ಬೆಳಕು ಹರಿಯುವ ಮುಂಚೆ ಎದ್ದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾವು ಹತ್ತು ವರ್ಷ ಮಲಗಿದ್ದನ್ನು ಕಾಲುವೆಯ ದಂಡೆಗೆ ಉರುಳಿಸಿ ಬರುತ್ತಾರೆ. ಇಲ್ಲವೇ ಖಾಲಿ ಸೈಟಿನಲ್ಲಿ ಬೆಂಕಿ ಹಚ್ಚುತ್ತಾರೆ. ಆ ಹೊಗೆ ಎರಡು ದಿನ ಬೀದಿಯವರ ಗಂಟಲಲ್ಲಿ ಕೂತಿರುತ್ತದೆ.

ಇವೆರಡೂ ಬೇಡವೆನ್ನುವ ಕೆಲವರು ಬಿಚ್ಚಪ್ಪನಿಗೆ ಫೋನು ಮಾಡುತ್ತಾರೆ. ಮರ ಕೊಯ್ಯುವ ಮಿಲ್ಲಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ಒಳಗೆ ಹೋದರೆ ಗೋಡೆಯುದ್ದಕ್ಕೂ ಗೂಡುಗಳು. ಸ್ಪ್ರಿಂಗು ಗುಜರಿಗೆ. ನಾರಿನ ಹಾಳೆ ಸಸಿ ಮಾರುವವನಿಗೆ, ಕುಂಡದ ತಳಕ್ಕೆ ಹಾಸಲು. ಮೇಲಿನ ಬಟ್ಟೆ ಒಗೆದು ಗ್ಯಾರೇಜಿನವರಿಗೆ, ಕೈ ಒರೆಸಲು. ಒಳ್ಳೆಯ ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿ, ದಿಂಬಿಗೆ. ಕಾಯಿಲೆಯವರು ಮಲಗಿದ ಹತ್ತಿ ಎಷ್ಟೇ ಬೆಳ್ಳಗಿದ್ದರೂ ಮತ್ತೆ ಮನುಷ್ಯರ ಮೈಗೆ ಹೋಗುವಂತಿಲ್ಲ, ಅದು ಶೆಡ್ಡಿನ ಹಿಂದಿನ ಗುಂಡಿಗೆ, ಮಣ್ಣಾಗಲು. ಫೋಮನ್ನು ಪುಡಿ ಮಾಡಿ ಕುಶನ್ ಮಾಡುವವನಿಗೆ ಕೊಡುತ್ತಾನೆ. ಪುಡಿಗೂ ಬಾರದ ಫೋಮು ಮಾತ್ರ ಒಂದು ಮೂಲೆಯಲ್ಲಿ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ. "ಅದಕ್ಕೇನು ಮಾಡ್ತೀಯಪ್ಪಾ?" ಎಂದು ಯಾರಾದರೂ ಕೇಳಿದರೆ "ನಾನು ಸತ್ತ ಮೇಲೆ ನೀವು ಯೋಚನೆ ಮಾಡಿ" ಅನ್ನುತ್ತಾನೆ.

ಹಾಸಿಗೆಯನ್ನು ಅಂಗೈಯಿಂದ ಒತ್ತಿ ಮನೆಯ ಸುದ್ದಿ ಹೇಳುವುದು ಅವನ ಇನ್ನೊಂದು ಕಸುಬು. ಎರಡು ಗುಣಿ, ನಡುವೆ ದಿಬ್ಬವಿದ್ದರೆ "ಇವರು ಮಾತು ಬಿಟ್ಟು ಬಹಳ ದಿನ ಆಗಿದೆ". ಒಂದೇ ಗುಣಿ, ಅದೂ ಅಂಚಿನಲ್ಲಿದ್ದರೆ "ಇವನು ಮಲಗ್ತಿರ್ಲಿಲ್ಲ, ಕೂತಿರ್ತಿದ್ದ". ಗಿರಾಕಿಗಳು ನಗುತ್ತಾರೆ, ನಕ್ಕು ಬೇಗ ಬೇಗ ಹೊರಟುಹೋಗುತ್ತಾರೆ.

ತನ್ನ ಮನೆಯ ಸುದ್ದಿ ಮಾತ್ರ ಅವನು ಹೇಳುತ್ತಿರಲಿಲ್ಲ. ಅದು ಒಂದು ಅಟ್ಟದ ಮೇಲೆ ಇಪ್ಪತ್ತಾರು ವರ್ಷದಿಂದ ಸುತ್ತಿಟ್ಟಿತ್ತು.

ಆ ಅಟ್ಟ ಪೋಸ್ಟ್ ಮಾಸ್ಟರರದು. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಮಗಳು ಮನೆ ಖಾಲಿ ಮಾಡಿಸಲು ಬಂದಿದ್ದಳು. ಫೋನು ಮಾಡಿ "ನೀವು ಹಾಸಿಗೆ ತಗೊಂಡು ಹೋಗ್ತೀರಂತಲ್ಲ, ಸುಡಲ್ವಂತಲ್ಲ, ಅದಕ್ಕೇ ಮಾಡ್ದೆ" ಎಂದಳು. ವಿಳಾಸ ಕೇಳಿದ ಕೂಡಲೇ ಬಿಚ್ಚಪ್ಪನಿಗೆ ಆಗುವುದಿಲ್ಲ ಅನ್ನಬೇಕೆನ್ನಿಸಿತು. ಆದರೂ ತಳ್ಳುಗಾಡಿ ತೆಗೆದುಕೊಂಡು ಹೋದ. ಹೋಗದಿದ್ದರೆ ಅವಳು ಇನ್ಯಾರಿಗಾದರೂ ಹೇಳುತ್ತಿದ್ದಳು, ಅದು ಇನ್ನೂ ಕೆಟ್ಟದ್ದು.

ಇಬ್ಬರು ಮಲಗುವ ನೀಲಿ ಪಟ್ಟೆಯ ಹಾಸಿಗೆ, ಹಗ್ಗ ಕಟ್ಟಿ ಅಟ್ಟದ ಗೋಡೆಗೆ ಒರಗಿಸಿದ್ದು. ಮೇಲೊಂದು ರಟ್ಟಿನ ಚೀಟಿ, ಪೋಸ್ಟ್ ಮಾಸ್ಟರರ ಮುತ್ತಿನಂಥ ಅಕ್ಷರದಲ್ಲಿ 'ಸಾಕ್ಷಿ, ಯಾರೂ ಮುಟ್ಟಕೂಡದು' ಎಂದು ಬರೆದಿತ್ತು.

"ನನ್ನ ಮದುವೆಗೆ ಮಾಡಿಸಿದ್ದು. ಆರು ತಿಂಗಳಿಗೇ ಒಳಗೆಲ್ಲ ಉಂಡೆ ಕಟ್ಟಿ, ನನ್ನ ಗಂಡ ಇದು ಹಾಸಿಗೆನೋ ಆಲೂಗಡ್ಡೆ ಮೂಟೆನೋ ಅಂತ ವಾಪಸ್ ಕಳಿಸ್ಬಿಟ್ರು. ಅಪ್ಪ ಕೋರ್ಟಿಗೆ ಹಾಕ್ತೀನಿ ಅಂತ ಎತ್ತಿಟ್ರು. ಹಾಕೋದಕ್ಕೆ ಇವತ್ತು ನಾಳೆ ಅಂತ ಜೀವನಾನೇ ಮುಗೀತು" ಎಂದಳು ಅವಳು. ಹೇಳಿ, ಸೆರಗಿನಲ್ಲಿ ಧೂಳು ಒರೆಸಿಕೊಂಡು, "ಮಾಡಿದೋರು ಯಾರೋ ಅಣ್ಣ ತಮ್ಮ ಅಂತೆ. ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದಳು.

"ಹಳೇ ಕಾಲದ್ದಮ್ಮ" ಎಂದ ಬಿಚ್ಚಪ್ಪ, ಹಗ್ಗದ ಗಂಟು ನೋಡುತ್ತಾ.

ಆ ಅಣ್ಣತಮ್ಮಂದಿರಲ್ಲಿ ತಮ್ಮ ಇವನೇ.

ಆಗ ಬೀದಿಯಲ್ಲಿ ಅವರದು ಹತ್ತಿ ಹಾಸಿಗೆಯ ಅಂಗಡಿ, ಅಪ್ಪ ಬಿಟ್ಟುಹೋದದ್ದು. ಅಪ್ಪ ಅಂಗಡಿಯ ಜೊತೆ ಎರಡು ಕಟ್ಟಳೆಗಳನ್ನೂ ಬಿಟ್ಟುಹೋಗಿದ್ದರು. ಒಂದು, ಕೋಣೆಯಲ್ಲಿ ಒಂದು ಹೊತ್ತಿಗೆ ಒಂದೇ ರಾಶಿ ಹತ್ತಿ. ಹೊಸ ಹತ್ತಿ, ಯಾರದೋ ಹಳೆ ಹಾಸಿಗೆಯಿಂದ ತೆಗೆದು ಮತ್ತೆ ಹಿಂಜಿದ ಹತ್ತಿ, ಎರಡೂ ಹಿಂಜುವ ಬಿಲ್ಲಿನಿಂದ ಹಾರಿ ಬಿದ್ದ ಮೇಲೆ ಒಂದೇ ಮೋಡ, ಕಣ್ಣಿಗೆ ತಿಳಿಯುವುದಿಲ್ಲ. ಇನ್ನೊಂದು, ಹಾಸಿಗೆ ತುಂಬಿದವನೇ ಕಾಲಿನ ಕಡೆಯ ಒಂದು ಮೂಲೆಯಲ್ಲಿ, ಅಂಚುಪಟ್ಟಿಯ ಒಳಗೆ, ಕೆಂಪು ದಾರದಲ್ಲಿ ಎರಡು ಗಂಟು ಹಾಕಿ ಮೂಲೆ ಮುಚ್ಚಬೇಕು. ಐದಾರು ವರ್ಷಕ್ಕೆ ಅದು ಹಿಂಜಲು ವಾಪಸ್ ಬಂದಾಗ ಯಾರ ಕೈಯದೆಂದು ಗೊತ್ತಾಗಬೇಕಲ್ಲ. ಅಣ್ಣನದು ಬಲಗೈ, ಅವನ ಗಂಟು ಬಲಕ್ಕೆ ವಾಲುತ್ತಿತ್ತು. ತಮ್ಮನದು ಎಡಗೈ, ಎಡಕ್ಕೆ ವಾಲುತ್ತಿತ್ತು. ಹೊರಗಿನಿಂದ ಏನೂ ಕಾಣದು, ಹೊಲಿಗೆ ಬಿಚ್ಚಿದರಷ್ಟೇ.

ಮದುವೆಯ ಕಾಲ, ಕೈತುಂಬ ಕೆಲಸ. ಒಂದೇ ದಿನ ಒಂದೇ ನೀಲಿ ಪಟ್ಟೆ ಬಟ್ಟೆಯ ಎರಡು ಹಾಸಿಗೆ, ಎರಡಕ್ಕೂ ಹೊಸ ಹತ್ತಿ. ಒಂದು ಪೋಸ್ಟ್ ಮಾಸ್ಟರರಿಗೆ, ಇನ್ನೊಂದು ಲಾರಿ ಹತ್ತಿ ದೂರದ ಊರಿಗೆ. ಪೋಸ್ಟ್ ಮಾಸ್ಟರರದು ಉಂಡೆ ಕಟ್ಟಿತು. ಹೊಸ ಹತ್ತಿಗೆ ಹಣ ಕೊಟ್ಟವರಿಗೆ ಹಳೆ ಹತ್ತಿ ಹೋಗಿದೆ ಎಂದು ಇಬ್ಬರಿಗೂ ತಿಳಿಯಿತು. ಯಾರು ತುಂಬಿದ್ದು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಮೂಲೆ ಬಿಚ್ಚಿ ನೋಡೋಣವೆಂದು ಹೋದರೆ ಪೋಸ್ಟ್ ಮಾಸ್ಟರರು ಗೇಟಿನಲ್ಲೇ ತಡೆದು "ಸಾಕ್ಷಿ ನಾಶ ಮಾಡೋಕೆ ಬಂದ್ರಾ?" ಎಂದರು.

ಅಣ್ಣ ಅಂಗಡಿಯಲ್ಲಿ ಹೇಳಿದ್ದು ಇಷ್ಟೇ: "ನನ್ನ ಕೈಯಲ್ಲಿ ಹಾಗಾಗಿರಲ್ಲ, ನೀನು ಜ್ಞಾಪಿಸ್ಕೊ." ತಮ್ಮ ಜ್ಞಾಪಿಸಿಕೊಳ್ಳುವ ಬದಲು ಬೀದಿಗೆ ಇಳಿದ. ಬಟ್ಟೆ ಅಂಗಡಿ, ಟೀ ಅಂಗಡಿ, ದಾರದ ಅಂಗಡಿ, ಗಾಡಿ ನಿಲ್ಲಿಸುವ ಜಾಗ, ಎಲ್ಲೆಲ್ಲಿ ನಾಲ್ಕು ಕಿವಿ ಇದ್ದವೋ ಅಲ್ಲೆಲ್ಲ ಹೋಗಿ ಒಂದು ಮಾತು ಹೇಳಿದ: "ನಮ್ಮಣ್ಣ ಹೊಸ ಹತ್ತಿ ಹಿಂಬಾಗಿಲಲ್ಲಿ ಮಾರ್ಕೊಂಡು ಹಳೇದು ತುಂಬಿದಾನೆ." ಅದಕ್ಕೆ ಆಧಾರವೇನೂ ಇರಲಿಲ್ಲ. ಸಿಟ್ಟು ಇತ್ತು, ಆ ಹೊತ್ತಿಗೆ ಅದೇ ಸಾಕಾಯಿತು. ವ್ಯಾಪಾರದ ಬೀದಿಯಲ್ಲಿ ಒಬ್ಬನ ಕೈ ಶುದ್ಧವಿಲ್ಲ ಎಂಬ ಮಾತಿಗೆ ರಸೀದಿ ಕೇಳುವವರಿಲ್ಲ, ತೆಗೆದುಕೊಂಡು ಹೋಗುತ್ತಾರೆ. ಅಣ್ಣನಿಗೆ ಯಾರೂ ಕೆಲಸ ಕೊಡಲಿಲ್ಲ. ಅವನು ಊರಿನ ಆ ತುದಿಗೆ ಮನೆ ಮಾಡಿಕೊಂಡು ಸಿಮೆಂಟಿನ ಗೋದಾಮಿನಲ್ಲಿ ಕಾವಲಿಗೆ ಸೇರಿದ. ಹತ್ತಿ ಮುಟ್ಟಿದ ಕೈ ಉಳಿದ ಆಯಸ್ಸೆಲ್ಲ ಬೀಗ ಮುಟ್ಟಿತು. ಅಂಗಡಿ ತಮ್ಮನಿಗೆ ಉಳಿಯಿತು, ಅದೂ ಹತ್ತು ವರ್ಷ. ಆಮೇಲೆ ಫೋಮಿನವರು ಬಂದರು, ಹೊಲಿಯುವುದು ನಿಂತಿತು, ಬಿಚ್ಚುವುದು ಶುರುವಾಯಿತು.

ಹಾಸಿಗೆ ಶೆಡ್ಡಿಗೆ ಬಂತು. ಗೋಡೆಗೆ ಒರಗಿ ನಿಂತಿತು. ಒಂದು ದಿನ, ಎರಡು ದಿನ. ಬಿಚ್ಚಪ್ಪ ಅದಾದಮೇಲೆ ಬಂದ ಆಸ್ಪತ್ರೆಯ ಹಾಸಿಗೆ ಬಿಚ್ಚಿದ, ಹಾಸ್ಟೆಲಿನ ಆರು ಬಿಚ್ಚಿದ, ಅದರತ್ತ ಬೆನ್ನು ಹಾಕಿಯೇ ಕೂತ. ಬೇಕಿದ್ದದ್ದು ಅರ್ಧ ಗಂಟೆ. ಕಾಲಿನ ಕಡೆ ಒಂದು ಮೂಲೆ ಬಿಚ್ಚಿದರೆ ಸಾಕು. ಗಂಟು ಬಲಕ್ಕೆ ವಾಲಿದ್ದರೆ ಅವನು ಇಪ್ಪತ್ತಾರು ವರ್ಷ ಹೇಳಿದ್ದರಲ್ಲಿ ಅರ್ಧವಾದರೂ ನಿಜವಾಗುತ್ತದೆ. ಎಡಕ್ಕೆ ವಾಲಿದ್ದರೆ, ಅದನ್ನು ಅವನು ಮುಂದಕ್ಕೆ ಯೋಚಿಸುತ್ತಿರಲಿಲ್ಲ.

ಮೂರನೆಯ ದಿನ ಇಟ್ಟಿಗೆ ಗೂಡಿನವನು ಬಂದ. ಹಳೆ ಹಾಸಿಗೆಗಳನ್ನು ಹಾಗೆಹಾಗೇ ಗೂಡಿಗೆ ತುರುಕಿ ಸುಡುವವನು ಅವನು. ತಿಂಗಳಿಗೊಮ್ಮೆ ಬಂದು ಕೇಳುತ್ತಾನೆ, ತಿಂಗಳಿಗೊಮ್ಮೆ ಬೈಸಿಕೊಂಡು ಹೋಗುತ್ತಾನೆ. ಊರಿಗೆ ಅವನು ಹೊಸಬ, ಹಳೆಯ ಕತೆ ಒಂದೂ ಗೊತ್ತಿಲ್ಲ.

"ಏನಾದ್ರೂ ಇದೆಯಾ, ಇಲ್ಲಾ ಭೂಮಿತಾಯಿ ಒಪ್ತಾಳಾ ಕೇಳಿ ಹೇಳ್ತೀಯಾ?" ಎಂದ.

ಬಿಚ್ಚಪ್ಪ ದಬ್ಬಣ ಕೆಳಗಿಟ್ಟು ನೀಲಿ ಪಟ್ಟೆಯತ್ತ ಗದ್ದ ಎತ್ತಿದ. "ಅದು ತಗೊಂಡು ಹೋಗು. ನಾಳೆ ಬೆಳಗ್ಗೆ ಬಾ."

ಗೂಡಿನವನಿಗೆ ನಂಬಿಕೆ ಬರಲಿಲ್ಲ. "ಬಿಚ್ದೇನೆ?"

"ಬಿಚ್ದೇನೆ."

"ಹುಷಾರಾಗಿದ್ದೀಯಾ ತಾನೇ?" ಎಂದು ಕೇಳಿ ಅವನು ಹೋದ.

ಶೆಡ್ಡಿಗೆ ಊಟದ ಡಬ್ಬಿ ತಂದ ಹೆಂಡತಿ ಈ ಮಾತನ್ನು ಬಾಗಿಲಲ್ಲೇ ಕೇಳಿಸಿಕೊಂಡಿದ್ದಳು. ಡಬ್ಬಿ ಇಟ್ಟಳು. ಅವನಿಗೆ ಬಡಿಸಿದಳು. ತಾನು ಒಂದು ಹಾಸ್ಟೆಲ್ ಹಾಸಿಗೆಯ ಮೇಲೆ ಕೂತು ಅವನು ತಿನ್ನುವುದನ್ನು ನೋಡಿದಳು. ಮದುವೆಯಾಗಿ ಮೂವತ್ತೊಂದು ವರ್ಷ. ಯಾವ ತುತ್ತಿಗೆ ಮಾತು ಹಾಕಬೇಕೆಂದು ಅವಳಿಗೆ ಗೊತ್ತು.

"ಕಾಲುವೆ ಹತ್ರ ಯಾರೋ ಹಾಸಿಗೆ ಸುಟ್ರು ಅಂತ ಹೋದ್ವಾರ ಜಗಳ ಆಡ್ಕೊಂಡು ಬಂದ್ರಿ" ಎಂದಳು.

ಅವನು ಮುಂದಿನ ತುತ್ತು ಕಲಸಿದ.

"ಇಪ್ಪತ್ತಾರು ವರ್ಷ ಅಣ್ಣನ ಕೈಯದೇ ಅಂತ ಹೇಳ್ತಾ ಬಂದ್ರಿ. ನಿಮಗೆ ಅಷ್ಟು ಖಾತ್ರಿ ಇದ್ದಿದ್ರೆ ಬಂದ ದಿನಾನೇ ಬಿಚ್ಚಿ, ಗಂಟು ಹಿಡ್ಕೊಂಡು ಊರೆಲ್ಲ ಮೆರವಣಿಗೆ ಹೋಗ್ತಿದ್ರಿ."

"ನೀನು ಸುಮ್ನಿರು."

"ನಾನು ಸುಮ್ನೇ ಇದ್ದೆ. ಮದುವೆ ಆದಾಗಿಂದ ಸುಮ್ನೇ ಇದ್ದೀನಿ. ಅನ್ನ ಹಾಕ್ಲಾ?"

ಅನ್ನ ಬೇಡವೆಂದ. ಅವಳು ಡಬ್ಬಿ ಮುಚ್ಚಿಕೊಂಡು ಹೋದ ಮೇಲೆ ಶೆಡ್ಡಿನಲ್ಲಿ ಮಿಲ್ಲಿನ ಗರಗಸದ ಸದ್ದು ಮಾತ್ರ ಉಳಿಯಿತು. ಅದು ನಿಂತಾಗ ಬಿಚ್ಚಪ್ಪ ಎದ್ದ. ಹಾಸಿಗೆಯನ್ನು ಕೆಳಗೆ ಹಾಸಿದ. ಒಳಗೆ ಉಂಡೆಗಳು ಅಂಗೈಗೆ ಸಿಕ್ಕವು, ನೆಲದಲ್ಲಿ ಮರೆತುಹೋದ ಗೆಡ್ಡೆಗಳ ಹಾಗೆ. ಮೊದಲ ಮೂಲೆಯ ಅಂಚುಪಟ್ಟಿ ಬಿಚ್ಚಿದ, ಏನೂ ಇರಲಿಲ್ಲ. ಇನ್ನೊಂದು ಮೂಲೆಗೆ ಬಂದು ಹೊಲಿಗೆಯೊಳಗೆ ದಬ್ಬಣ ತೂರಿಸಿದಾಗಲೇ ಅವನ ಕೈಗೆ ಗೊತ್ತಾಗಿಹೋಯಿತು. ಆ ಹೊಲಿಗೆ ಬಿಚ್ಚಲು ಬಹಳ ಸಲೀಸಾಗಿತ್ತು. ಎಡಗೈ ಹೊಲಿದದ್ದು ಎಡಗೈಗೆ ಸಲೀಸು.

ಎರಡು ಗಂಟು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು. ಎರಡೂ ಎಡಕ್ಕೆ ವಾಲಿದ್ದವು.

ಅವನು ಅಲ್ಲೇ ಕೂತು ಆ ದಿನವನ್ನು ಮೊದಲಿನಿಂದ ಜ್ಞಾಪಿಸಿಕೊಂಡ, ಅಣ್ಣ ಅಂದು ಹೇಳಿದ್ದ ಕೆಲಸವನ್ನು ಇಂದು ಮಾಡಿದ. ಅವಸರವೆಂದು ಅಪ್ಪನ ಕಟ್ಟಳೆ ಮುರಿದು ಕೋಣೆಯಲ್ಲಿ ಎರಡು ರಾಶಿ ಹಾಕಿದ್ದರು, ಈ ಗೋಡೆಗೆ ಹೊಸದು, ಆ ಗೋಡೆಗೆ ಇನ್ಯಾವುದೋ ಗಿರಾಕಿಯ ಹಳೆಯದು. ದಿನಾ ಅವರು ಒಂದೇ ಹಾಸಿಗೆಗೆ ಎದುರುಬದುರು ಕೂರುತ್ತಿದ್ದರು. ಎದುರುಬದುರು ಕೂತರೆ ಅಣ್ಣನ ಬಲ ತಮ್ಮನ ಎಡ ಒಂದೇ ಕಡೆ. ಇಬ್ಬರ ಕೈಯೂ ಒಂದೇ ರಾಶಿಗೆ ಹೋಗುತ್ತಿತ್ತು. ಅಂದು ಎರಡು ಹಾಸಿಗೆ ಹರಡಿದ್ದರಿಂದ ಎದುರು ಕೂರಲು ಜಾಗವಿರಲಿಲ್ಲ. ಪಕ್ಕಪಕ್ಕದಲ್ಲಿ, ಒಂದೇ ಕಡೆ ಮುಖ ಮಾಡಿ ಕೂತರು. ಅಣ್ಣನ ಕೈ ತನ್ನ ಬಲಕ್ಕೆ ಹೋಯಿತು, ಹೊಸ ಹತ್ತಿಗೆ. ತಮ್ಮನ ಕೈ ತನ್ನ ಎಡಕ್ಕೆ ಹೋಯಿತು. ಕಣ್ಣು ನೋಡಲಿಲ್ಲ, ನೋಡಿದ್ದರೂ ಮೋಡಕ್ಕೂ ಮೋಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಬಾಯಿ ಮಾತ್ರ ನಗುತ್ತಾ ಏನೋ ಹಾಡುತ್ತಿತ್ತು.

ಕಳ್ಳತನವಿರಲಿಲ್ಲ. ಮೋಸವಿರಲಿಲ್ಲ. ಕೂತ ಜಾಗ ಬದಲಾಗಿತ್ತು, ಅಷ್ಟೇ. ಅಷ್ಟಕ್ಕೆ ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಗೋದಾಮಿನ ಬಾಗಿಲು ಕಾದಿದ್ದ.

ಮರುದಿನ ಇಟ್ಟಿಗೆ ಗೂಡಿನವನು ಗಾಡಿ ತಂದಾಗ ಹಾಸಿಗೆ ಬಿಚ್ಚಿ, ಶೆಡ್ಡಿನ ಗೋಡೆಯ ಗೂಡುಗಳಿಗೆ ಹಂಚಿಹೋಗಿತ್ತು. "ಇವನ ಮಾತು ನಂಬಿ ಬಾಡಿಗೆ ಗಾಡಿ ತಂದೆನಲ್ಲ" ಎಂದು ಅವನು ಗೊಣಗಿದ. ಬಿಚ್ಚಪ್ಪ ಶೆಡ್ಡಿನಲ್ಲಿರಲಿಲ್ಲ. ಅಂಚುಪಟ್ಟಿಯ ಒಂದು ತುಂಡನ್ನು ಗಂಟುಗಳ ಸಮೇತ ಜೇಬಿನಲ್ಲಿಟ್ಟುಕೊಂಡು ಊರಿನ ಆ ತುದಿಗೆ ಹೋಗಿದ್ದ.

ಬಾಗಿಲು ತೆಗೆದದ್ದು ಅತ್ತಿಗೆ. ಅಂಗಡಿ ಒಟ್ಟಿಗಿದ್ದ ಕಾಲದಲ್ಲಿ "ಬಾರೋ, ಕೈ ತೊಳ್ಕೊ" ಅನ್ನುತ್ತಿದ್ದವಳು. ಈಗ ಬಾಗಿಲ ಚೌಕಟ್ಟು ಹಿಡಿದು "ಬನ್ನಿ" ಎಂದಳು.

ಅಣ್ಣ ಒಳಕೋಣೆಯಲ್ಲಿ ಮಲಗಿದ್ದ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಸುದ್ದಿ ಬಿಚ್ಚಪ್ಪನಿಗೆ ಆಗಲೇ ತಲುಪಿತ್ತು. ಅಣ್ಣನೇ ಕರೆಯಲಿ ಎಂದು ಕಾದಿದ್ದ. ಕೋಣೆಗೆ ಕಾಲಿಟ್ಟವನ ಕಣ್ಣು ಮೊದಲು ಹೋದದ್ದು ಅಣ್ಣನ ಮುಖಕ್ಕಲ್ಲ, ಹಾಸಿಗೆಗೆ. ಅಗ್ಗದ ಫೋಮು, ಸೊಂಟದ ಕೆಳಗೆ ಬಟ್ಟಲಿನ ಹಾಗೆ ಕುಸಿದಿತ್ತು. ಅದರಲ್ಲಿ ಗಾಳಿಯಾಡುವುದಿಲ್ಲ. ಬೆನ್ನಿನಲ್ಲಿ ಹುಣ್ಣಾಗಿರಬೇಕೆಂದು ಕೇಳದೆಯೇ ತಿಳಿಯಿತು.

"ಯಾರು?" ಎಂದ ಅಣ್ಣ. ಮಾತು ಸ್ವಲ್ಪ ಎಳೆಯುತ್ತಿತ್ತು, ತಲೆ ಸ್ಪಷ್ಟವಾಗಿತ್ತು.

"ನಾನು ಅಣ್ಣ."

"ಓಹೋ."

ಬಿಚ್ಚಪ್ಪ ಜೇಬಿನಿಂದ ಪಟ್ಟಿ ತೆಗೆದು ಅಣ್ಣನ ಬಲಗೈಯಲ್ಲಿ ಇಟ್ಟ. ಅಣ್ಣ ಅದನ್ನು ಕಣ್ಣಿಗೆ ಹಿಡಿಯಲಿಲ್ಲ. ಹೆಬ್ಬೆರಳಿನಲ್ಲಿ ಒಂದು ಸಲ ಸವರಿದ.

"ಪೋಸ್ಟ್ ಮಾಸ್ಟರದ್ದಾ?"

"ಹೂಂ."

"ನಿಂದೇ."

"ನಂದೇ ಅಣ್ಣ." ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಆ ಕೋಣೆಯ ಔಷಧಿಯ ವಾಸನೆಯಲ್ಲಿ ಕರಗಿಹೋದವು. ಪಕ್ಕಪಕ್ಕ ಕೂತದ್ದು, ಎಡ ಬಲ, ಎರಡು ರಾಶಿ ಎಂದು ತಡವರಿಸುತ್ತಾ ಹೇಳಿದ. ಅಣ್ಣ ಪೂರ್ತಿ ಕೇಳಿಸಿಕೊಂಡ.

"ಕೂತಿದ್ದು ಹಾಗಾ" ಎಂದ. "ಅದು ನಂಗೆ ಹೊಳೀಲಿಲ್ಲ. ಆವತ್ತು ಕೂತು ಮಾತಾಡಿದ್ರೆ ಹೊಳೀತಿತ್ತೇನೋ."

ಅಣ್ಣ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ನಾನು ಮಲಗಿ ಎಂಟು ತಿಂಗಳಾಯ್ತು ಕಣೋ. ಬರ್ಲಿಲ್ಲ ನೀನು. ಗಂಟು ಸಿಕ್ಕಿದ ಮೇಲೆ ಬಂದೆ. ನನ್ನ ನೋಡೋಕೆ ಬಂದ್ಯಾ, ಗಂಟು ತೋರ್ಸೋಕಾ?"

ಬಿಚ್ಚಪ್ಪನ ಅಂಗೈ ಫೋಮಿನ ಅಂಚನ್ನು ಒತ್ತತೊಡಗಿತು.

"ನಂಗೆ ಹೇಳಿ ಏನುಪಯೋಗ? ನಾನು ಕದ್ದಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತಲ್ಲ. ಯಾರ್ಯಾರಿಗೆ ಹೇಳಿದ್ಯೋ ಅವರಿಗೆ ಹೇಳು. ನಾನಿರೋದ್ರೊಳಗೆ ಹೇಳು." ಪಟ್ಟಿಯನ್ನು ವಾಪಸ್ ಚಾಚಿದ. ಅತ್ತಿಗೆ ನೀರು ತಂದಿಟ್ಟಳು. ಆ ಮನೆಯಲ್ಲಿ ಹೊರಗಿನವರಿಗೆ ಕೊಡುವ ಲೋಟದಲ್ಲಿ.

ಅಲ್ಲಿಂದ ಬಿಚ್ಚಪ್ಪ ಬೀದಿಗೆ ಇಳಿದ, ಎರಡನೆಯ ಸಲ. ಸುಳ್ಳು ಹೇಳಲು ಅವನಿಗೆ ಅಂದು ಒಂದು ಮಧ್ಯಾಹ್ನ ಸಾಕಾಗಿತ್ತು. ಅದನ್ನು ವಾಪಸ್ ತರಲು ಎರಡು ವಾರ ತಿರುಗಿದ.

ಬಟ್ಟೆ ಅಂಗಡಿಯ ಯಜಮಾನ ಸತ್ತು ಗೋಡೆಯ ಮೇಲೆ ಫೋಟೋ ಆಗಿದ್ದ. ಮಗ ಗಲ್ಲದಲ್ಲಿ ಫೋನು ಒತ್ತಿಕೊಂಡೇ ಕೇಳಿಸಿಕೊಂಡು "ಯಾವ ಹತ್ತಿ? ನಾವು ಹತ್ತಿ ಬಿಟ್ಟು ಬಹಳ ವರ್ಷ ಆಯ್ತಲ್ಲ ಯಜಮಾನ್ರೇ" ಎಂದ. ದಾರದ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿ. ಗಾಡಿ ಹೊಡೆಯುತ್ತಿದ್ದವರಲ್ಲಿ ಒಬ್ಬ ಸಿಕ್ಕ, ಕಿವಿ ಕೇಳದು. ಅವನ ಕಿವಿಗೆ ಬಾಯಿಟ್ಟು "ನಮ್ಮಣ್ಣ ಕದ್ದಿರ್ಲಿಲ್ಲ" ಎಂದು ಕೂಗಿದರೆ ಅವನು ಗಾಬರಿಯಾಗಿ "ಏನು ಕಳ್ತನ ಆಯ್ತು?" ಎಂದು ತನ್ನ ಜೇಬು ಮುಟ್ಟಿಕೊಂಡ. ಹತ್ತಿ ತರಿಸುತ್ತಿದ್ದ ಏಜೆಂಟನಿಗೆ ಎಲ್ಲ ನೆನಪಿತ್ತು, ನೆನಪಿದ್ದೇ ತೊಂದರೆಯಾಯಿತು. "ಅಣ್ಣ ಹಾಸಿಗೆ ಹಿಡಿದಾನೆ ಅಂತ ಮರುಕ ಬಂದು ಹೀಗೆ ಹೇಳ್ತಿದ್ದೀಯ. ಒಳ್ಳೇ ತಮ್ಮ ನೀನು" ಎಂದು ಬೆನ್ನು ತಟ್ಟಿ ಕಳಿಸಿದ.

ಟೀ ಅಂಗಡಿಯ ಮುದುಕ ಮಾತ್ರ ಕೊನೆಯವರೆಗೂ ಕೇಳಿಸಿಕೊಂಡ. ಸೋಸುವ ಬಟ್ಟೆ ಹಿಂಡುತ್ತಾ ಹೇಳಿದ:

"ಆವತ್ತು ನೀನು ಹೇಳಿದ್ದು ನಂಬಿದ್ವಿ. ಇವತ್ತು ಹೇಳಿದ್ದೂ ನಂಬ್ತೀವಿ. ನಮಗೇನಪ್ಪ, ಟೀ ಜೊತೆ ಒಂದು ಮಾತು. ನಿಮ್ಮಣ್ಣ ಇಲ್ಲಿಗೆ ಬರೋದು ಬಿಟ್ಟ, ಆ ಬೆಂಚಲ್ಲಿ ಕೂರ್ತಿದ್ದ. ಎರಡು ಸಕ್ಕರೆ ಅವನಿಗೆ."

ಬಿಚ್ಚಪ್ಪ ವಾರಕ್ಕೆರಡು ಸಲ ಅಣ್ಣನ ಮನೆಗೆ ಹೋಗಿ ವರದಿ ಒಪ್ಪಿಸುತ್ತಿದ್ದ. ಕೊನೆಗೊಂದು ದಿನ ಅಣ್ಣ ಕೇಳಿದ, "ಒಟ್ಟು ಎಷ್ಟು ಜನ ಸಿಕ್ಕಿದ್ರು?"

"ಕೇಳಿಸ್ಕೊಂಡೋರು ಮೂರು ಜನ."

"ಆವತ್ತು ಎಷ್ಟು ಜನಕ್ಕೆ ಹೇಳಿದ್ದೆ?"

ಬಿಚ್ಚಪ್ಪ ಬೆರಳು ಮಡಿಚಲು ಹೋಗಿ ಬಿಟ್ಟ. ಅಣ್ಣ ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದನೇನೋ ಎಂದು ಬಿಚ್ಚಪ್ಪ ಏಳಹೊರಟಾಗ, "ಬೆನ್ನು ಉರಿಯುತ್ತೆ ಕಣೋ" ಎಂದ. ಇಪ್ಪತ್ತಾರು ವರ್ಷದಲ್ಲಿ ಅಣ್ಣ ತನ್ನ ನೋವಿಗೆಂದು ಅವನಲ್ಲಿ ಕೇಳಿದ್ದು ಅದೊಂದೇ, ಅದೂ ಕೇಳಿದ ಹಾಗೆ ಇರಲಿಲ್ಲ.

"ಹತ್ತೀದು ಮಾಡ್ಕೊಂಡು ಬರ್ಲಾ?"

"ಮಾಡು. ನೋಡಿ ತುಂಬು."

ಅಂಗಡಿ ಮುಚ್ಚಿದ ಮೇಲೆ ಬಿಚ್ಚಪ್ಪ ಒಂದೂ ಹೊಸ ಹಾಸಿಗೆ ಹೊಲಿದಿರಲಿಲ್ಲ. ಶೆಡ್ಡಿನ ಒಂದು ಭಾಗ ಗುಡಿಸಿ ತೊಳೆದ. ಹಳೆ ಹತ್ತಿಯೆಲ್ಲವನ್ನೂ ಹೊರಗೆ ಸಾಗಿಸಿ ಟಾರ್ಪಾಲು ಮುಚ್ಚಿದ. ಹೆಂಡತಿ ಒಂದು ದಿಂಬು ತಂದಿಟ್ಟರೆ ಅದನ್ನೂ ಆಚೆ ಕಳಿಸಿದ. "ದಿಂಬೇನು ಎದ್ದು ಬಂದು ಒಳಗೆ ಸೇರ್ಕೊಳ್ಳುತ್ತಾ?" ಎಂದು ಅವಳು ಕೇಳಿದಳು, ಆದರೆ ತಾನೇ ಎತ್ತಿಕೊಂಡು ಹೋದಳು. ಹೊಸ ಹತ್ತಿ ತರಿಸಿ, ತನ್ನ ಮನೆಯ ಅಟ್ಟದಲ್ಲಿದ್ದ ಬಿಲ್ಲಿಗೆ ಹೊಸ ತಂತಿ ಕಟ್ಟಿ ಮೂರು ದಿನ ಹಿಂಜಿದ. ರಟ್ಟೆ ಸೋತಿತು, ಸದ್ದು ಮಾತ್ರ ಹಳೆಯದೇ. ಒಂದೊಂದು ಹಿಡಿಯನ್ನೂ ಬೆಳಕಿಗೆ ಹಿಡಿದು ನೋಡಿ ತುಂಬಿದ.

ಮೂಲೆಯೊಂದನ್ನು ಮುಚ್ಚದೆ ಬಿಟ್ಟು, ದಾರ ದಬ್ಬಣದ ಸಮೇತ ಅಣ್ಣನ ಮನೆಗೆ ತೆಗೆದುಕೊಂಡು ಹೋದ. "ನೀನೊಂದು ಗಂಟು ಹಾಕಣ್ಣ" ಎಂದ. ಅಣ್ಣನ ಬಲಗೈ ಇನ್ನೂ ಆಡುತ್ತಿತ್ತು.

ಅಣ್ಣ ಕೈ ಎತ್ತಲಿಲ್ಲ. "ತುಂಬಿದೋನು ಹಾಕ್ಬೇಕು. ಅಪ್ಪ ಹೇಳಿದ್ದು ಮರೆತ್ಯಾ?"

ಬಿಚ್ಚಪ್ಪ ಅಣ್ಣನ ಕಣ್ಣೆದುರಿಗೆ, ಎಡಗೈಯಲ್ಲಿ, ಎರಡು ಗಂಟು ಹಾಕಿದ. ಹಾಕಿ ಮುಗಿಸುವವರೆಗೂ ಅಣ್ಣ ನೋಡುತ್ತಿದ್ದ. ಅತ್ತಿಗೆ, ಬಿಚ್ಚಪ್ಪ ಇಬ್ಬರೂ ಸೇರಿ ಅವನನ್ನು ಎತ್ತಿ ಹೊಸ ಹಾಸಿಗೆಯ ಮೇಲೆ ಮಲಗಿಸಿದರು. ಎಷ್ಟು ಹಗುರವಾಗಿದ್ದನೆಂದರೆ ಹತ್ತಿ ಅವನ ಕೆಳಗೆ ತಗ್ಗಲೇ ಇಲ್ಲ. ಅಂದು ಅಣ್ಣ ಬಹಳ ಹೊತ್ತು ನಿದ್ದೆ ಮಾಡಿದನೆಂದು ಅತ್ತಿಗೆ ಆಮೇಲೆ ಫೋನಿನಲ್ಲಿ ಹೇಳಿದಳು.

ಹಾಸಿಗೆ ನಲವತ್ತೊಂದು ದಿನಕ್ಕೆ ವಾಪಸ್ ಬಂತು. ಅಣ್ಣ ತೀರಿಕೊಂಡು ಒಂದು ವಾರವಾದ ಮೇಲೆ ಅತ್ತಿಗೆಯೇ ಕರೆದಳು. "ನೀನೇ ತಗೊಂಡು ಹೋಗು. ಒಳ್ಳೇ ಹತ್ತಿ, ಯಾರಿಗಾದ್ರೂ ದಿಂಬಿಗಾದ್ರೂ ಆಗುತ್ತೆ" ಎಂದಳು. 'ಬನ್ನಿ' ಎಂದಿದ್ದವಳು ಈಗ 'ನೀನು' ಅಂದಿದ್ದಳು. ಬಿಚ್ಚಪ್ಪ ಅದನ್ನು ಗಮನಿಸಿದ, ಹೇಳಿಕೊಳ್ಳಲು ಅಣ್ಣ ಇರಲಿಲ್ಲ.

ಕಾಯಿಲೆಯವರ ಹತ್ತಿ ದಿಂಬಿಗೆ ಹೋಗುವಂತಿಲ್ಲ. ಊರಿನವರೆಲ್ಲರಿಗೆ ಹೇಳುವ ಆ ಕಟ್ಟಳೆಯನ್ನು ಅಣ್ಣನಿಗೆಂದು ಸಡಿಲಿಸಲಿಲ್ಲ. ಶೆಡ್ಡಿನ ಹಿಂದೆ ಗುಂಡಿಯ ಪಕ್ಕ ಹಾಸಿಗೆ ಹಾಸಿ ಬಿಚ್ಚಲು ಕೂತ. ಅಂಗೈ ಒತ್ತಿ ನೋಡಿದ. ಗುಣಿ ಎಲ್ಲೂ ಇರಲಿಲ್ಲ. ಯಾರೂ ಮಲಗದ ಹಾಸಿಗೆಯ ಹಾಗೆ ಸಮವಾಗಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಮಧ್ಯಾಹ್ನ ತಿರುಗಿತು. ಹತ್ತಿಯನ್ನು ಹಿಡಿಹಿಡಿಯಾಗಿ ಗುಂಡಿಗೆ ಹಾಕಿ, ಮೇಲೆ ಒಣಗಿದ ಎಲೆ, ಅದರ ಮೇಲೆ ಮಣ್ಣು ಹರಡಿದ. ಕೆಂಪು ದಾರವೂ ಹತ್ತಿಯದೇ, ಅದನ್ನೂ ಹಾಕಿದ. ಪೋಸ್ಟ್ ಮಾಸ್ಟರರ ಹಾಸಿಗೆಯ ಪಟ್ಟಿ ಮಾತ್ರ ಶೆಡ್ಡಿನ ಬಾಗಿಲ ಮೊಳೆಗೆ ನೇತು ಬಿದ್ದಿತ್ತು.

ಅಂದೇ ಸಂಜೆ, ತನ್ನ ತಿಂಗಳ ಸರದಿಗೆ, ಇಟ್ಟಿಗೆ ಗೂಡಿನವನು ಬಂದ. ಗುಂಡಿಯ ಮಣ್ಣಿನಿಂದ ಇಣುಕುತ್ತಿದ್ದ ಹತ್ತಿ ನೋಡಿ ನಾಲಿಗೆ ಲೊಚಗುಟ್ಟಿದ.

"ಇಷ್ಟು ಬೆಳ್ಳಗಿರೋ ಹತ್ತೀನ ಮಣ್ಣಿಗೆ ಹಾಕ್ತಿದ್ದೀಯಲ್ಲ. ಯಾರದು?"

"ನಮ್ಮಣ್ಣಂದು."

"ನಿಂಗೆ ಅಣ್ಣ ಇದ್ನಾ? ಒಂದಿನಾನೂ ಹೇಳಿಲ್ವಲ್ಲ."

ಬಿಚ್ಚಪ್ಪ ಗುದ್ದಲಿ ಊರಿಕೊಂಡು ನಿಂತ. "ಅವನು ಹೊಸ ಹತ್ತಿ ಮಾರ್ಕೊಂಡಿರ್ಲಿಲ್ಲ" ಎಂದ.

ಗೂಡಿನವನಿಗೆ ತಲೆಬುಡ ತಿಳಿಯಲಿಲ್ಲ. "ಮಾರ್ಕೊಂಡಿದ್ದ ಅಂತ ಯಾರು ಹೇಳಿದ್ರು?"

"ನಾನು."

ಗೂಡಿನವನು ಅವನ ಮುಖ ನೋಡಿದ, ಗುಂಡಿ ನೋಡಿದ. ಕುಳಿತುಕೊಳ್ಳಲು ಏನಾದರೂ ಇದೆಯೇ ಎಂದು ಸುತ್ತ ನೋಡಿ, ಕೊನೆಗೆ ಖಾಲಿ ಹಾಸಿಗೆಚೀಲದ ಅಂಚಿನ ಮೇಲೆ ಕೂತ. ಬಿಚ್ಚಪ್ಪ ಮೊದಲಿನಿಂದ ಹೇಳತೊಡಗಿದ.

ಕೇಳಿಸಿಕೊಂಡವರಲ್ಲಿ ಅವನು ನಾಲ್ಕನೆಯವನು.